ಬಾಣಂತಿ ಮೈಯ ಲೆಕ್ಕ ಯಾರು ಇಡಬೇಕು?

ಬಾಣಂತಿಯನ್ನು ನೋಡಲು ಬಂದವರ ಪ್ರಶ್ನೆಗಳು ಹುಬ್ಬಳ್ಳಿಯಾಗಲಿ, ಧಾರವಾಡವಾಗಲಿ, ಒಂದೇ ಥರ ಇರುತ್ತವೆ. ಗಂಡೋ ಹೆಣ್ಣೋ? ಎಷ್ಟು ಕೆ.ಜಿ. ಐತಿ? ನಾರ್ಮಲ್ಲೋ ಸಿಜೇರಿಯನ್ನೋ? ಹಾಲು ಸಾಕಾಗತಾವೇನು? ಮೂಗು ಯಾರ ಹಂಗ ಬಂದೈತಿ? ಕೂಸಿನ ಕೈಯಾಗ ಒಂದು ನೋಟು ಇಟ್ಟು, ಚಹಾ ಕುಡಿದು, ಹೊರಡುವಾಗ ಬಾಗಿಲ ಹತ್ತಿರ ನಿಂತು ತಾಯಿಗೂ ಒಂದು ಮಾತು: “ಯಾಕವಾ, ಭಾಳ ಸೊರಗಿಯಲ್ಲ?” ಇಲ್ಲಾಂದ್ರೆ, “ಸ್ವಲ್ಪ ದಪ್ಪ ಆಗಿ ನೋಡು.” ಅಲ್ಲಿಗೆ ತಾಯಿಯ ಮೈ ವಿಷಯ ಮುಗೀತು.

ಕೇಳುವವರದ್ದು ತಪ್ಪು ಅಂತ ಹೇಳುತ್ತಿಲ್ಲ. ಕೂಸಿಗೆ ಅಳತೆಗಳಿವೆ. ತೂಕ, ಉದ್ದ, ತಲೆಯ ಸುತ್ತಳತೆ, ಲಸಿಕೆಯ ತಾರೀಖು, ಎಲ್ಲವೂ ಕಾರ್ಡಿನ ಮೇಲೆ ಇರುತ್ತವೆ. ತಾಯಿಗೂ ಹೆರಿಗೆಯ ತನಕ ಅಳತೆಗಳಿದ್ದವು. ತಾಯಿ ಕಾರ್ಡಿನಲ್ಲಿ ಬಿಪಿ, ಹಿಮೋಗ್ಲೋಬಿನ್, ತೂಕ ಬರೆಯುತ್ತಿದ್ದರು. ಕೂಸು ಹೊರಗೆ ಬಂತು, ಪೆನ್ನು ನಿಂತಿತು. ಆಮೇಲಿಂದ ಆಕೆಯ ಮೈಗೆ ಬರೀ ಕಣ್ಣಂದಾಜು.

ಈ ಸಲದ ಅಂಕಣ ಆ ಕಣ್ಣಂದಾಜಿನ ಬಗ್ಗೆ. ಅದು ಎಷ್ಟು ತಪ್ಪಬಹುದು ಅನ್ನೋದನ್ನ ಲೆಕ್ಕ ಹಾಕಿ ತೋರಿಸಿಕೊಟ್ಟದ್ದು ನಮ್ಮ ಪಕ್ಕದ ಬೆಳಗಾವಿ. ಹಾಗಾಗಿ ಅಲ್ಲಿಂದಲೇ ಶುರು ಮಾಡೋಣ.

ಬೆಳಗಾವಿಯ ಒಂದು ಪ್ಲಾಸ್ಟಿಕ್ ಹಾಳೆ

ಹೆರಿಗೆಯ ನಂತರದ ವಿಪರೀತ ರಕ್ತಸ್ರಾವ ಜಗತ್ತಿನಲ್ಲಿ ಇವತ್ತಿಗೂ ತಾಯಂದಿರ ಸಾವಿನ ದೊಡ್ಡ ಕಾರಣಗಳಲ್ಲಿ ಒಂದು. ತುಂಬು ತಿಂಗಳಲ್ಲಿ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರಿನಷ್ಟು ರಕ್ತ ಹರಿಯುತ್ತಿರುತ್ತದೆ. ಮಾಸು ಕಳಚಿದ ಕೂಡಲೇ ಗರ್ಭಕೋಶ ಗಟ್ಟಿಯಾಗಿ ಮುದುಡಿಕೊಂಡು ಆ ರಕ್ತನಾಳಗಳ ಬಾಯಿ ಮುಚ್ಚಬೇಕು. ಮುದುಡದೆ ಸಡಿಲವಾಗಿ ಉಳಿದರೆ, ಕೆಲವೇ ತಾಸುಗಳಲ್ಲಿ ಜೀವ ಹೋಗಬಹುದು.

2002ರ ಸೆಪ್ಟೆಂಬರ್‌ನಿಂದ 2005ರ ಡಿಸೆಂಬರ್ ತನಕ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ಒಂದು ಅಧ್ಯಯನ ನಡೆಯಿತು. ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ವೈದ್ಯರು ಅಮೆರಿಕದ ಸಂಶೋಧಕರ ಜೊತೆ ಸೇರಿ ಇದನ್ನು ಮಾಡಿದರು. ಮನೆಯಲ್ಲಿ, ಉಪಕೇಂದ್ರಗಳಲ್ಲಿ ಹೆರಿಗೆ ಮಾಡಿಸುತ್ತಿದ್ದ ಎಎನ್‌ಎಂ ಸಿಸ್ಟರ್‌ಗಳೇ ಇದರ ಕೈಕಾಲು. ಒಟ್ಟು 1620 ತಾಯಂದಿರು. ಅರ್ಧದಷ್ಟು ಮಂದಿಗೆ ಹೆರಿಗೆ ಆದ ಕೂಡಲೇ ಮಿಸೊಪ್ರೊಸ್ಟಾಲ್ ಎಂಬ ಅಗ್ಗದ ಮಾತ್ರೆ, ಉಳಿದವರಿಗೆ ನೋಡಲು ಹಾಗೇ ಕಾಣುವ, ಔಷಧವಿಲ್ಲದ ಮಾತ್ರೆ. ಔಷಧವಿಲ್ಲದ ಮಾತ್ರೆ ತಗೊಂಡವರಲ್ಲಿ 100ಕ್ಕೆ 12 ಮಂದಿಗೆ ಅರ್ಧ ಲೀಟರ್ ಅಥವಾ ಅದಕ್ಕಿಂತ ಹೆಚ್ಚು ರಕ್ತ ಹೋಯಿತು. ಮಿಸೊಪ್ರೊಸ್ಟಾಲ್ ತಗೊಂಡವರಲ್ಲಿ ಆ ಪ್ರಮಾಣ 6.4. ಒಂದು ಲೀಟರ್ ದಾಟಿದವರು 1.2ರಿಂದ 0.2ಕ್ಕೆ ಇಳಿದರು. ಫಲಿತಾಂಶ 2006ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಕೆಲಸಕ್ಕಾಗಿಯೇ ಆ ಮಾತ್ರೆಯನ್ನು ಅತ್ಯಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು.

ನನ್ನ ಮನಸ್ಸು ಹಿಡಿದಿಟ್ಟದ್ದು ಮಾತ್ರೆಗಿಂತ ಅದರ ಜೊತೆ ಬಳಸಿದ ಒಂದು ಸಾದಾ ವಸ್ತು. ಹಳ್ಳಿಯ ಮನೆಯಲ್ಲಿ, ಹಳೇ ಸೀರೆಯ ಮೇಲೆ ಆಗುವ ಹೆರಿಗೆಯಲ್ಲಿ ರಕ್ತ ಎಷ್ಟು ಹೋಯಿತು ಅಂತ ಅಳೆಯೋದು ಹೇಗೆ? ಅದಕ್ಕೆ ಅವರು ಒಂದು ಪ್ಲಾಸ್ಟಿಕ್ ಹಾಳೆ ಮಾಡಿಕೊಂಡರು. ತಾಯಿಯ ಕೆಳಗೆ ಹಾಸುವುದು, ಅದರ ತುದಿಗೆ ಲಾಳಿಕೆಯಂಥ ಚೀಲ, ಚೀಲದ ಮೇಲೆ ಅಳತೆಯ ಗೆರೆ. ಅಷ್ಟೇ.

ಈ ಹಾಳೆಯ ಅಳತೆಯನ್ನೂ ಕಣ್ಣಂದಾಜನ್ನೂ ಹೋಲಿಸಿ ನೋಡಿದಾಗ, ಕಣ್ಣಿಗೆ ಕಂಡ ರಕ್ತ ಹಾಳೆ ತೋರಿಸಿದ್ದಕ್ಕಿಂತ 33 ಶೇಕಡಾ ಕಡಿಮೆ ಇತ್ತು. ಅಂದರೆ, ಹೆರಿಗೆ ನೋಡಿ ನೋಡಿ ಪಳಗಿದ ಕಣ್ಣು ಕೂಡ ಮೂರನೇ ಒಂದು ಪಾಲನ್ನು ಕಾಣಲೇ ಇಲ್ಲ.

ಅಳತೆ ಹಾಕಿದ ಇಂಥ ಹಾಳೆ ಆಮೇಲೆ ದೂರ ಹೋಯಿತು. 2023ರಲ್ಲಿ ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ಟಾಂಜಾನಿಯಾಗಳ ಎರಡು ಲಕ್ಷಕ್ಕೂ ಹೆಚ್ಚು ಹೆರಿಗೆಗಳ ‘ಇ-ಮೋಟಿವ್’ ಅಧ್ಯಯನ ಪ್ರಕಟವಾಯಿತು. ಮಾಮೂಲಿ ಪದ್ಧತಿಯ ಆಸ್ಪತ್ರೆಗಳಲ್ಲಿ ವಿಪರೀತ ರಕ್ತಸ್ರಾವವಾದ ತಾಯಂದಿರಲ್ಲಿ ಗುರುತು ಸಿಕ್ಕಿದ್ದು 51 ಶೇಕಡಾ ಮಾತ್ರ. ಅಳೆಯುವ ಹಾಳೆ ಹಾಸಿ, ಗುರುತಿಸಿದ ಕೂಡಲೇ ಚಿಕಿತ್ಸೆಗಳನ್ನೆಲ್ಲ ಒಟ್ಟಿಗೆ ಕೊಟ್ಟ ಕಡೆ 93 ಶೇಕಡಾ. ತೀವ್ರ ರಕ್ತಸ್ರಾವ, ಅದಕ್ಕಾಗಿ ಹೊಟ್ಟೆ ಕೊಯ್ಯುವ ಶಸ್ತ್ರಚಿಕಿತ್ಸೆ, ಸಾವು, ಇವು ಮೂರನ್ನೂ ಸೇರಿಸಿ ನೋಡಿದರೆ ಅಪಾಯ 60 ಶೇಕಡಾ ಇಳಿದಿತ್ತು.

ನಾನು ಸಾಫ್ಟ್‌ವೇರ್ ಕೆಲಸದವಳು. ಸರ್ವರ್ ಬಿದ್ದ ಮೇಲೆ “ಎಲ್ಲಾ ಸರಿ ಇತ್ತಲ್ಲ” ಅಂತ ಯಾರಾದರೂ ಅಂದರೆ, “ಲಾಗ್ ತೋರಿಸಿ” ಅಂತೀವಿ. ಬಾಣಂತಿಯ ಮೈಗೆ ಲಾಗ್ ಇಲ್ಲ. “ಎಲ್ಲಾ ಆರಾಮ ಅದಾರ” ಅನ್ನೋ ಮಾತೇ ಎಲ್ಲದಕ್ಕೂ ದಾಖಲೆ.

ಒಳಗೆ ಏನೇನು ಆಗಿರುತ್ತದೆ

ಬಸುರಿಯ ಮೈಯಲ್ಲಿ ರಕ್ತದ ಪ್ರಮಾಣ ಸುಮಾರು ಅರ್ಧದಷ್ಟು ಹೆಚ್ಚುತ್ತದೆ. ಅದನ್ನು ಓಡಿಸಲು ಹೃದಯ ಪ್ರತಿ ನಿಮಿಷ 30ರಿಂದ 50 ಶೇಕಡಾ ಹೆಚ್ಚು ದುಡಿಯುತ್ತದೆ. ಸುಮಾರು 70 ಗ್ರಾಂ ತೂಗುತ್ತಿದ್ದ ಗರ್ಭಕೋಶ ಒಂದು ಕೆ.ಜಿ. ದಾಟುತ್ತದೆ. ಅದು ಮೇಲಕ್ಕೆ ಬೆಳೆದಂತೆ ಜಠರ, ಶ್ವಾಸಕೋಶ ಜಾಗ ಬಿಟ್ಟುಕೊಡುತ್ತವೆ. ಹೊಟ್ಟೆಯ ಮುಂಭಾಗದ ಎರಡು ಸ್ನಾಯುಪಟ್ಟಿಗಳು ನಡುವೆ ಹಿಗ್ಗಿ ದೂರವಾಗುತ್ತವೆ. ಕೀಲುಗಳನ್ನು ಹಿಡಿದಿಟ್ಟ ನಾರುಗಳು ಸಡಿಲವಾಗುತ್ತವೆ. ಕುಬಸದ ಹೊತ್ತಿಗೆ ಹಳೇ ಚಪ್ಪಲಿ ಕಾಲಿಗೆ ಹಿಡಿಯದೆ ಹೋಗಲು ಬರೀ ಬಾವು ಕಾರಣವಲ್ಲ. ಕೆಲವರಿಗೆ ಪಾದದ ಅಳತೆಯೇ ಬದಲಾಗಿ ಹಾಗೇ ಉಳಿಯುತ್ತದೆ.

ಹೆರಿಗೆಯಾದ ಮೇಲೆ ಮಾಸು ಅಂಟಿಕೊಂಡಿದ್ದ ಜಾಗ ಗರ್ಭಕೋಶದೊಳಗೆ ಒಂದು ಹಸಿ ಗಾಯ. ಊಟದ ತಾಟಿನಷ್ಟು ಅಗಲ ಅಂತ ಅದನ್ನು ಹೋಲಿಸುತ್ತಾರೆ. ಮೈಮೇಲೆ ಅಷ್ಟಗಲದ ಗಾಯ ಆಗಿದ್ದರೆ ನಾವು ಯಾರನ್ನೂ ಎದ್ದು ಓಡಾಡಲಿಕ್ಕೆ ಬಿಡುತ್ತಿರಲಿಲ್ಲ. ಒಳಗಿದೆ, ಕಾಣೋದಿಲ್ಲ, ಅದಕ್ಕೇ ಐದನೇ ದಿನ “ಹುಷಾರಾದ್ಲು” ಅಂತೀವಿ. ಗರ್ಭಕೋಶ ಮತ್ತೆ ಮೊದಲಿನ ಗಾತ್ರಕ್ಕೆ ಬರಲು ಸುಮಾರು ಆರು ವಾರ ಬೇಕು.

ನಮ್ಮ ರಾಜ್ಯದಲ್ಲಿ ಈಗ ಹೆಚ್ಚು ಕಡಿಮೆ ಮೂರು ಹೆರಿಗೆಗಳಲ್ಲಿ ಒಂದು ಸಿಜೇರಿಯನ್. ಅದನ್ನು “ನೋವಿಲ್ಲದ ಹೆರಿಗೆ” ಅನ್ನುವವರು ಇನ್ನೂ ಇದ್ದಾರೆ. ಚರ್ಮ, ಕೊಬ್ಬು, ಅದರಡಿಯ ಗಟ್ಟಿ ಪೊರೆ, ಹೊಟ್ಟೆಯ ಒಳಪೊರೆ, ಗರ್ಭಕೋಶದ ಗೋಡೆ, ಇಷ್ಟು ಪದರ ಕೊಯ್ದು ಹೊಲಿಯುವ ದೊಡ್ಡ ಆಪರೇಷನ್ ಅದು. ಅಪೆಂಡಿಕ್ಸ್ ಆಪರೇಷನ್ ಆದ ಗಂಡಸು ತಿಂಗಳಗಟ್ಟಲೆ “ಭಾರ ಎತ್ತಬ್ಯಾಡ ಅಂದಾರ” ಅಂತ ಆರಾಮ ಕೂತಿರುತ್ತಾನೆ. ಸಿಜೇರಿಯನ್ ಆದವಳ ಕೈಗೆ ಅವತ್ತೇ ಮೂರು ಕೆ.ಜಿ. ಕೂಸು ಬರುತ್ತದೆ, ರಾತ್ರಿ ಎರಡೆರಡು ತಾಸಿಗೆ ಏಳಿಸುತ್ತದೆ.

ಹಾಲೂಡಿಸುವಾಗ ದಿನಕ್ಕೆ ಸುಮಾರು 500 ಕ್ಯಾಲರಿ ಹೆಚ್ಚುವರಿ ಬೇಕು. ಹಾಲಿಗೆ ಬೇಕಾದ ಕ್ಯಾಲ್ಸಿಯಂನ ಒಂದು ಪಾಲನ್ನು ದೇಹ ತನ್ನ ಎಲುಬಿನಿಂದಲೇ ತೆಗೆಯುತ್ತದೆ. ಹಾಲು ಬಿಡಿಸಿದ ಮೇಲೆ ಬಹುಪಾಲು ತುಂಬಿಕೊಳ್ಳುತ್ತದೆ. ಮೂರು–ನಾಲ್ಕನೇ ತಿಂಗಳಿಗೆ ಬಾಚಣಿಗೆ ತುಂಬ ಕೂದಲು ಬರುತ್ತದೆ. ಬಸುರಿನಲ್ಲಿ ಉದುರದೆ ನಿಂತಿದ್ದ ಕೂದಲು ಒಮ್ಮೆಲೇ ಉದುರುವುದು ಅದು. ಸಾಮಾನ್ಯವಾಗಿ ವರ್ಷದೊಳಗೆ ಸರಿಹೋಗುತ್ತದೆ. ವಿಪರೀತ ದಣಿವು, ಎದೆ ಡವಡವ ಜೊತೆಗಿದ್ದರೆ ಮಾತ್ರ ಥೈರಾಯ್ಡ್ ಮತ್ತು ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಬೇಕು. ಹೆರಿಗೆಯ ನಂತರದ ವರ್ಷದಲ್ಲಿ ಥೈರಾಯ್ಡ್ ಏರುಪೇರಾಗೋದು ಅಪರೂಪವೇನಲ್ಲ.

ಸತ್ತವರ ಲೆಕ್ಕ, ಉಳಿದವರ ಲೆಕ್ಕ

ಸಾವಿನ ಲೆಕ್ಕವನ್ನಂತೂ ಸರಕಾರ ಇಡುತ್ತದೆ. ಕರ್ನಾಟಕದಲ್ಲಿ 2001–03ರಲ್ಲಿ ಒಂದು ಲಕ್ಷ ಜೀವಂತ ಜನನಗಳಿಗೆ 228 ತಾಯಂದಿರು ಸಾಯುತ್ತಿದ್ದರು. 2018–20ರ ಹೊತ್ತಿಗೆ ಅದು 69ಕ್ಕೆ ಇಳಿಯಿತು. ಆಶಾ ಕಾರ್ಯಕರ್ತೆಯರು, 108 ಆಂಬುಲೆನ್ಸ್, ಆಸ್ಪತ್ರೆ ಹೆರಿಗೆ, ಇವೆಲ್ಲ ಸೇರಿ ಆದ ಕೆಲಸ ಇದು, ಸಣ್ಣದಲ್ಲ. ಆದರೂ 2024ರ ನವೆಂಬರ್‌ನಲ್ಲಿ ಬಳ್ಳಾರಿಯ ಜಿಲ್ಲಾ ಆಸ್ಪತ್ರೆಯಲ್ಲಿ ಸಿಜೇರಿಯನ್ ಆದ ತಾಯಂದಿರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡರು. ಏರಿಸಿದ್ದ ಡ್ರಿಪ್ ದ್ರಾವಣದ ಗುಣಮಟ್ಟದ ಪ್ರಶ್ನೆ ಎದ್ದಿತು, ಇಡೀ ರಾಜ್ಯದಲ್ಲಿ ಚರ್ಚೆಯಾಯಿತು. ಹೆರಿಗೆ ಮುಗಿದ ಕೂಡಲೇ ಗಂಡಾಂತರ ಮುಗಿಯುವುದಿಲ್ಲ ಅನ್ನೋದನ್ನ ಆ ಮನೆಗಳ ಕೂಸುಗಳು ಜೀವನಪೂರ್ತಿ ನೆನೆಯುತ್ತವೆ.

ಆದರೆ ಬದುಕಿ ಮನೆಗೆ ಬಂದವರು? ಅವರ ಲೆಕ್ಕ ಯಾವ ರಿಜಿಸ್ಟರಿನಲ್ಲಿದೆ? 2023ರ ಡಿಸೆಂಬರ್‌ನಲ್ಲಿ ‘ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್’ ಪ್ರಕಟಿಸಿದ ಅಧ್ಯಯನದ ಪ್ರಕಾರ ಜಗತ್ತಿನಲ್ಲಿ ಪ್ರತಿವರ್ಷ ಕನಿಷ್ಠ 4 ಕೋಟಿ ಹೆಂಗಸರಿಗೆ ಹೆರಿಗೆಯಿಂದ ದೀರ್ಘಕಾಲದ ತೊಂದರೆ ಅಂಟಿಕೊಳ್ಳುತ್ತದೆ. ಲೈಂಗಿಕ ಸಂಪರ್ಕದ ವೇಳೆ ನೋವು ಮೂರರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ. ಸೊಂಟನೋವು ಹೆಚ್ಚು ಕಡಿಮೆ ಮೂರರಲ್ಲಿ ಒಬ್ಬರಿಗೆ. ಮಲ ಅಥವಾ ಗ್ಯಾಸ್ ಹಿಡಿದಿಟ್ಟುಕೊಳ್ಳಲು ಆಗದಿರುವುದು 19 ಶೇಕಡಾ. ಮೂತ್ರ ಸೋರುವುದು 8ರಿಂದ 31 ಶೇಕಡಾ. ಖಿನ್ನತೆ 11ರಿಂದ 17 ಶೇಕಡಾ. ಇವೆಲ್ಲ ಆರು ವಾರ ಕಳೆದ ಮೇಲೂ, ತಿಂಗಳು, ವರ್ಷಗಳ ತನಕ ಇರುವ ತೊಂದರೆಗಳು.

ಅವ್ವ ಹೇಳದೇ ಇದ್ದದ್ದು

ನನ್ನ ಹೆರಿಗೆಯಾಗಿ ಒಂದೂವರೆ ವರ್ಷ. ನಾಲ್ಕನೇ ತಿಂಗಳಿಗೆ ಸೀನಿದರೆ, ನಕ್ಕರೆ, ಕೂಸನ್ನು ಎತ್ತಿದರೆ ಬಟ್ಟೆ ಒದ್ದೆ ಆಗುತ್ತಿತ್ತು. ಒಂದು ದಿನ ಅವ್ವನ ಮುಂದೆ ಹೇಳಿದೆ. ಆಕೆ ಸೊಪ್ಪು ಸೋಸುತ್ತಾ, ತಲೆ ಎತ್ತದೆ, “ಅದು ಎಲ್ಲಾರಿಗೂ ಇರತೈತಿ ಬಿಡವಾ. ನನಗ ನೀ ಹುಟ್ಟಿದಾಗಿಂದ ಹಂಗ ಐತಿ” ಅಂದಳು.

ನಾನು ಹುಟ್ಟಿ ಮೂವತ್ತು ವರ್ಷ ಆಯಿತು.

ಅವತ್ತು ಎಷ್ಟೋ ಹಳೇ ವಿಷಯ ಅರ್ಥ ಆದವು. ಧಾರವಾಡದಿಂದ ಹುಬ್ಬಳ್ಳಿಗೆ ಹೋಗುವ ದಿನ ಅವ್ವ ಮುಂಜಾನೆಯಿಂದ ನೀರು ಕುಡಿಯುತ್ತಿರಲಿಲ್ಲ. ಚಿಗರಿ ಬಸ್ಸಿನಲ್ಲಿ ಎಷ್ಟೊತ್ತಿನ ದಾರಿ? ಆದರೂ ಕುಡಿಯುತ್ತಿರಲಿಲ್ಲ. ಮದುವೆ ಮನೆಗೆ ಹೋದರೆ ಮೊದಲು ಬಚ್ಚಲು ಎಲ್ಲಿದೆ ಅಂತ ನೋಡಿಕೊಳ್ಳುವಳು. ಓಣಿಯ ಹೆಂಗಸರೆಲ್ಲ ಕೂಡಿ ಯಾತ್ರೆ ಹೊರಟರೆ “ನನಗ ಬಸ್ ಆಗೂದಿಲ್ಲ” ಅನ್ನುವಳು. ಆಕೆಗೆ ಬಸ್ ಆಗುತ್ತಿತ್ತು. ಬೇರೆ ಮಾತು ಬಾಯಿಗೆ ಬರುತ್ತಿರಲಿಲ್ಲ ಅಷ್ಟೇ. ಒಂದು ಹೆರಿಗೆಯ ಲೆಕ್ಕವನ್ನು ಮೂವತ್ತು ವರ್ಷ, ಒಬ್ಬಳೇ, ನೀರಿನ ಲೋಟದಲ್ಲಿ ಕಟ್ಟಿದ್ದಳು.

ಈ ತೊಂದರೆಗೆ ಚಿಕಿತ್ಸೆ ಇದೆ. ಮೂತ್ರಕೋಶ, ಗರ್ಭಕೋಶ, ಕರುಳಿನ ತುದಿ, ಇವನ್ನು ಕೆಳಗಿನಿಂದ ಜೋಳಿಗೆಯ ಹಾಗೆ ಹಿಡಿದಿಡುವ ಸ್ನಾಯುಗಳಿವೆ. ಬಸುರಿನ ಭಾರಕ್ಕೆ, ಹೆರಿಗೆಯ ಎಳೆತಕ್ಕೆ ಅವು ಜೋಲುತ್ತವೆ. ಸಿಜೇರಿಯನ್ ಆದವರಿಗೂ ಒಂಬತ್ತು ತಿಂಗಳ ಭಾರ ತಪ್ಪಿರುವುದಿಲ್ಲ. ಆ ಸ್ನಾಯುಗಳನ್ನು ಬಿಗಿಹಿಡಿದು ಸಡಿಲಿಸುವ ವ್ಯಾಯಾಮಕ್ಕೆ ಖರ್ಚಿಲ್ಲ, ಮಷೀನು ಬೇಡ. ಆದರೆ ಸರಿಯಾದ ಸ್ನಾಯು ಯಾವುದು, ಎಷ್ಟು ಹೊತ್ತು ಹಿಡಿಯಬೇಕು ಅನ್ನೋದನ್ನ ಒಮ್ಮೆ ಫಿಸಿಯೊಥೆರಪಿಸ್ಟ್ ಹತ್ತಿರ ಕಲಿತುಕೊಂಡರೆ ಒಳ್ಳೇದು. ಸಾಮಾನ್ಯವಾಗಿ ಮೂರು ತಿಂಗಳಾದರೂ ಬಿಡದೆ ಮಾಡಬೇಕು. ಅವಳಿ ನಗರದಲ್ಲಿ ಫಿಸಿಯೊಥೆರಪಿಗೆ ಕೊರತೆ ಇಲ್ಲ. ಸತ್ತೂರಿನ ಎಸ್‌ಡಿಎಂನಲ್ಲಿ ಅದರದ್ದೇ ಕಾಲೇಜು ಇದೆ. ಕ್ರಿಕೆಟ್ ಆಡಿ ಭುಜ ಉಳುಕಿದರೆ ಫಿಸಿಯೊ ಹತ್ತಿರ ಓಡುವ ನಾವು, ಹೆರಿಗೆಯಾದವರನ್ನು ಕಳಿಸೋದಿಲ್ಲ.

ಹೊಟ್ಟೆಯದ್ದೂ ಇದೇ ಕಥೆ. ಅಂಗಾತ ಮಲಗಿ ತಲೆ ಸ್ವಲ್ಪ ಎತ್ತಿದಾಗ ಹೊಕ್ಕುಳ ಸುತ್ತ ನಡುವೆ ಬೆರಳು ಇಳಿಯುವಷ್ಟು ತಗ್ಗು, ಇಲ್ಲವೇ ಉಬ್ಬು ಕಂಡರೆ, ಸ್ನಾಯುಪಟ್ಟಿಗಳು ಇನ್ನೂ ಹತ್ತಿರ ಬಂದಿಲ್ಲ ಅಂತ ಅರ್ಥ. ಅದನ್ನು “ಹೊಟ್ಟಿ ಬಂದೈತಿ” ಅಂತ ತಿಳಿದು ಜಿಮ್‌ಗೆ ಹೋಗಿ ಜೋರು ಕ್ರಂಚಸ್ ಶುರು ಮಾಡಬೇಡಿ. ಮೊದಲು ತೋರಿಸಿ, ಆಮೇಲೆ ವ್ಯಾಯಾಮ.

ಇನ್ನೊಂದು ಮಾತು. “ಬೆನ್ನಿಗೆ ಇಂಜೆಕ್ಷನ್ ಕೊಟ್ರಲ್ಲ, ಅದಕ್ಕ ಸೊಂಟನೋವು” ಅಂತ ಪ್ರತಿ ಮನೆಯಲ್ಲೂ ಅಂತಾರೆ. ಇಂಜೆಕ್ಷನ್ ಕೊಟ್ಟ ಜಾಗ ಕೆಲವು ದಿನ ನೋಯಬಹುದು. ವರ್ಷಗಟ್ಟಲೆಯ ಸೊಂಟನೋವಿಗೆ ಅದು ಕಾರಣ ಅಂತ ಅಧ್ಯಯನಗಳಲ್ಲಿ ಕಂಡುಬಂದಿಲ್ಲ. ಸಡಿಲಾದ ಕೀಲು, ಜೋತ ಹೊಟ್ಟೆಯ ಸ್ನಾಯು, ಬಗ್ಗಿ ಹಾಲೂಡಿಸುವುದು, ನಿದ್ದೆ ಇಲ್ಲದಿರುವುದು, ಇವುಗಳ ಪಾಲೇ ದೊಡ್ಡದು. ಎಲ್ಲಾ ಇಂಜೆಕ್ಷನ್ ತಲೆಗೆ ಕಟ್ಟಿದರೆ “ಇನ್ನೇನ್ ಮಾಡೂದು” ಅಂತ ಕೂರುತ್ತೀವಿ. ನಿಜವಾದ ಕಾರಣಕ್ಕೆ ಮದ್ದು ಇದೆ.

ಬಾಣಂತನ: ಉಳಿಸೋದು, ಬಿಡೋದು

ನಮ್ಮ ಕಡೆಯ ಬಾಣಂತನವನ್ನು ಹಳೇ ಕಾಲದ್ದು ಅಂತ ಮೂಲೆಗೆ ತಳ್ಳುವವಳು ನಾನಲ್ಲ. ಯೋಚನೆ ಮಾಡಿ ನೋಡಿ. ತವರುಮನಿಯಲ್ಲಿ ತಿಂಗಳುಗಟ್ಟಲೆ ಇರೋದು, ಅಡುಗೆಮನೆ ಕಡೆ ಹೋಗದಿರೋದು, ಬೇರೆಯವರು ಎಣ್ಣೆ ಹಚ್ಚಿ ಎರೆಯೋದು, ಕೂಸನ್ನು ಹೊತ್ತುಕೊಳ್ಳಲು ಅಜ್ಜಿ ಇರೋದು. ಒಳಗಿನ ಗಾಯ ಮಾಗಲು ಸಮಯ ಬೇಕು ಅಂತ ಸ್ಕ್ಯಾನಿಂಗ್ ಇಲ್ಲದ ಕಾಲದಲ್ಲೇ ನಮ್ಮ ಮುತ್ತಜ್ಜಿಯರಿಗೆ ಗೊತ್ತಿತ್ತು.

ಊಟದಲ್ಲೂ ಬುದ್ಧಿವಂತಿಕೆ ಇದೆ. ಒಣ ಕೊಬ್ಬರಿ, ಉತ್ತತ್ತಿ, ಬೆಲ್ಲ ಹಾಕಿದ ಅಂಟಿನ ಉಂಡಿಯಲ್ಲಿ ಹಾಲೂಡಿಸುವವಳಿಗೆ ಬೇಕಾದ ಕ್ಯಾಲರಿ ಸಿಗುತ್ತದೆ. ಅಳವಿಯಲ್ಲಿ ಕಬ್ಬಿಣದ ಅಂಶ ಚೆನ್ನಾಗಿದೆ. ಸಬ್ಬಸಗಿ ಪಲ್ಯ ಬೇಡ ಅನ್ನಲು ಕಾರಣವೇ ಇಲ್ಲ. ತಲೆಗೆ ಸ್ಕಾರ್ಫ್ ಕಟ್ಟೋದರಿಂದ ನಷ್ಟ ಏನೂ ಇಲ್ಲ, ಅಜ್ಜಿಗೂ ಸಮಾಧಾನ.

ಬಿಡಬೇಕಾದ್ದು ಮೂರು. ಒಂದು, ಬಾಗಿಲು ಮುಚ್ಚಿದ ಕೋಣೆಯಲ್ಲಿ ಹೊರಸಿನ ಕೆಳಗೆ ಕೆಂಡ ಇಡೋದು. ಕೆಂಡದ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ, ತಾಯಿಗೂ ಕೂಸಿಗೂ ವಿಷ. ಕಾವು ಬೇಕಿದ್ದರೆ ಬಿಸಿನೀರಿನ ಚೀಲ ಸಾಕು. ಎರಡು, “ನೀರು ಕುಡಿದ್ರ ಹೊಟ್ಟಿ ಬರತೈತಿ” ಅಂತ ನೀರು ಕಡಿಮೆ ಕೊಡೋದು, “ತಂಪು” ಅಂತ ಹಣ್ಣು, ಕಾಯಿಪಲ್ಯ ಬಂದ್ ಮಾಡೋದು. ಮಲಬದ್ಧತೆ ಆಗಿ ಹೊಲಿಗೆ ನೋಯುತ್ತದೆ, ಮೂತ್ರದ ಸೋಂಕಿಗೂ ದಾರಿ. ಮೂರು, ಹೊಟ್ಟೆಗೆ ಬಟ್ಟೆಯನ್ನು ಉಸಿರು ಕಟ್ಟುವಷ್ಟು ಬಿಗಿಯೋದು. ಹದವಾಗಿ ಕಟ್ಟಿದರೆ ಸಿಜೇರಿಯನ್ ಆದವರಿಗೆ ಏಳಲು, ಕೆಮ್ಮಲು ಆಸರೆ. ಜೋರಾಗಿ ಬಿಗಿದರೆ ಒತ್ತಡವೆಲ್ಲ ಕೆಳಕ್ಕೆ ಇಳಿದು, ಮೊದಲೇ ಜೋತ ಸ್ನಾಯುಗಳ ಮೇಲೆ ಬೀಳುತ್ತದೆ.

ಸೀಸೆಯಲ್ಲೇ ಉಳಿಯುವ ಮಾತ್ರೆ

ಕರ್ನಾಟಕದಲ್ಲಿ ಬಸುರಿಯರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ ಅಂತ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಬಸುರಿನಲ್ಲೇ ರಕ್ತ ಕಡಿಮೆ ಇದ್ದವಳಿಗೆ ಹೆರಿಗೆಯಲ್ಲಿ ಇನ್ನಷ್ಟು ಹೋದರೆ, ಆಮೇಲೆ ಆಕೆ ಮೆಟ್ಟಿಲು ಹತ್ತುವಾಗ ಏದುಸಿರು ಬಿಡೋದು “ಸೂಕ್ಷ್ಮ ಆಗ್ಯಾಳ” ಅನ್ನೋ ಕಾರಣಕ್ಕಲ್ಲ.

ಕೇಂದ್ರದ ಅನೀಮಿಯಾ ಮುಕ್ತ ಭಾರತ ಕಾರ್ಯಕ್ರಮದ ಪ್ರಕಾರ ಕಬ್ಬಿಣ ಮತ್ತು ಫೋಲಿಕ್ ಆಸಿಡ್ ಮಾತ್ರೆ ಬಸುರಿನಲ್ಲಿ 180 ದಿನ, ಹೆರಿಗೆಯ ನಂತರ ಮತ್ತೆ 180 ದಿನ. ಮೊದಲ 180 ಎಲ್ಲರಿಗೂ ಗೊತ್ತು, ಎರಡನೆಯದು ಯಾರಿಗೂ ನೆನಪಿರೋದಿಲ್ಲ. ಕ್ಯಾಲ್ಸಿಯಂ ಮಾತ್ರೆಯೂ ಹೆರಿಗೆಯ ನಂತರ ಆರು ತಿಂಗಳು ಇದೆ. ಎರಡನ್ನೂ ಒಟ್ಟಿಗೆ ನುಂಗಬೇಡಿ, ಕಬ್ಬಿಣ ಸರಿಯಾಗಿ ಮೈಗೆ ಹತ್ತೋದಿಲ್ಲ. ಚಹಾ ಜೊತೆಗೂ ಬೇಡ. ಲಿಂಬಿಹಣ್ಣಿನ ಶರಬತ್ತಿನ ಜೊತೆ ಆದರೆ ಒಳ್ಳೇದು. ಮಲ ಕಪ್ಪಗಾಗೋದು ಮಾತ್ರೆಯ ಗುಣ, ಹೆದರಬೇಡಿ. ಫೋನಿನಲ್ಲಿ ಅಲಾರ್ಮ್ ಇಟ್ಟುಬಿಡಿ, ಗಂಡನ ಫೋನಿನಲ್ಲೇ ಇಟ್ಟರೆ ಇನ್ನೂ ಚಲೋ.

ರಜೆ ಮುಗಿದ ಮೇಲಿನ ಮೈ

ನಮ್ಮಂಥ ಕೆಲಸದವರಿಗೆ 2017ರ ತಿದ್ದುಪಡಿ ದೊಡ್ಡ ಆಸರೆ. ಸಂಬಳಸಹಿತ ಹೆರಿಗೆ ರಜೆ 12 ವಾರ ಇದ್ದದ್ದು ಮೊದಲ ಎರಡು ಮಕ್ಕಳಿಗೆ 26 ವಾರ ಆಯಿತು. 50 ಮತ್ತು ಅದಕ್ಕಿಂತ ಹೆಚ್ಚು ನೌಕರರಿರುವ ಕಡೆ ಶಿಶುಪಾಲನಾ ಕೇಂದ್ರ ಬೇಕು ಅಂತಲೂ ಬಂತು. ಆದರೆ ಎರಡು ಅನುಕೂಲಗಳು ಎಷ್ಟೋ ಮಂದಿಗೆ ಗೊತ್ತೇ ಇಲ್ಲ. ಬಸುರು, ಹೆರಿಗೆ, ಅವಧಿಗೆ ಮುಂಚಿನ ಹೆರಿಗೆ ಅಥವಾ ಗರ್ಭಪಾತದಿಂದ ಕಾಯಿಲೆ ಬಿದ್ದರೆ, ವೈದ್ಯರ ದಾಖಲೆಯ ಮೇಲೆ ಇನ್ನೂ ಒಂದು ತಿಂಗಳ ತನಕ ಸಂಬಳಸಹಿತ ರಜೆ ಕೇಳಬಹುದು. ಕೆಲಸಕ್ಕೆ ಮರಳಿದ ಮೇಲೆ, ಕೂಸಿಗೆ 15 ತಿಂಗಳು ತುಂಬುವ ತನಕ, ದಿನಕ್ಕೆ ಎರಡು ಹಾಲೂಡಿಸುವ ವಿರಾಮ ಹಕ್ಕಿನದ್ದು.

ಇಪ್ಪತ್ತೇಳನೇ ವಾರದ ಸೋಮವಾರ ಬೆಳಗ್ಗೆ ಸ್ಟ್ಯಾಂಡಪ್ ಕಾಲ್‌ಗೆ ಕೂತವಳ ಮುಖ ಕ್ಯಾಮೆರಾದಲ್ಲಿ ಮೊದಲಿನ ಹಾಗೇ ಕಾಣುತ್ತದೆ. “ವೆಲ್‌ಕಮ್ ಬ್ಯಾಕ್” ಅಂತಾರೆ, ಹಳೇ ಟಿಕೆಟ್‌ಗಳೆಲ್ಲ ವಾಪಸ್ ಬರುತ್ತವೆ. ಕ್ಯಾಮೆರಾದ ಕೆಳಗೆ ಸೊಂಟಕ್ಕೆ ದಿಂಬು ಇದೆ, ಎದೆ ಬಿಗಿದು ನೋಯುತ್ತಿದೆ, ರಾತ್ರಿ ನಿದ್ದೆ ಮೂರು ತಾಸು. ಟೀಮ್ ಲೀಡ್ ಆಗಿರುವವರು ಇದನ್ನು ಓದುತ್ತಿದ್ದರೆ ಒಂದು ಕೋರಿಕೆ: ಮೊದಲ ಎರಡು ತಿಂಗಳು ರಾತ್ರಿ ಪಾಳಿಯ ಸಪೋರ್ಟ್ ಕೊಡಬೇಡಿ. ಹಾಲಿನ ವಿರಾಮಕ್ಕೆ ಆಕೆ ಬಾಯಿಬಿಟ್ಟು ಕೇಳುವ ಮೊದಲೇ ಕ್ಯಾಲೆಂಡರ್‌ನಲ್ಲಿ ಜಾಗ ಬಿಡಿ.

ಗಂಡಂದಿರ ಕೈಗೆ ಒಂದು ಪಟ್ಟಿ

ಆಶಾ ಕಾರ್ಯಕರ್ತೆ ಆಸ್ಪತ್ರೆ ಹೆರಿಗೆಯ ನಂತರ 3, 7, 14, 21, 28 ಮತ್ತು 42ನೇ ದಿನ ಮನೆಗೆ ಬರಬೇಕು ಅಂತ ನಿಯಮ ಇದೆ. ಆಕೆ ಬಂದಾಗ ಎಲ್ಲರೂ ಕೂಸನ್ನೇ ಮುಂದೆ ತರುತ್ತಾರೆ. ತಾಯಿಯನ್ನೂ ಕರೆದು ಕೂರಿಸಿ. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ ಏನಂದರೆ, ಮೊದಲ 24 ತಾಸು ಆಸ್ಪತ್ರೆಯಲ್ಲಿ, ಆಮೇಲೆ 48–72 ತಾಸಿನೊಳಗೆ, 7–14 ದಿನದ ನಡುವೆ, ಮತ್ತೆ ಆರನೇ ವಾರ, ತಾಯಿ–ಕೂಸು ಇಬ್ಬರಿಗೂ ತಪಾಸಣೆ ಆಗಬೇಕು.

ಆರನೇ ವಾರ ಕೂಸಿನ ಲಸಿಕೆಗೆ ಹೇಗೂ ಹೋಗುತ್ತೀರಿ. ಅವತ್ತೇ ತಾಯಿಯ ಬಿಪಿ, ಹಿಮೋಗ್ಲೋಬಿನ್, ಹೊಲಿಗೆ ನೋಡಿಸಿ. ಬಸುರಿನಲ್ಲಿ ಸಕ್ಕರೆ ಇದ್ದವರಿಗೆ 6ರಿಂದ 12 ವಾರದೊಳಗೆ ಸಕ್ಕರೆ ಪರೀಕ್ಷೆ ಮತ್ತೆ ಆಗಲೇಬೇಕು. “ಹೆರಿಗೆ ಆತಲ್ಲ, ಹೋತು” ಅನ್ನೋದು ಮುಂದಿನ ಮಧುಮೇಹಕ್ಕೆ ಬಾಗಿಲು ತೆರೆದಿಟ್ಟ ಹಾಗೆ. ಮೂತ್ರ ಸೋರುತ್ತದೆಯೇ, ಮಲ ಹಿಡಿದಿಡಲು ಆಗುತ್ತಿದೆಯೇ, ಸಂಬಂಧದಲ್ಲಿ ನೋವಿದೆಯೇ ಅನ್ನೋದನ್ನು ಡಾಕ್ಟರ್ ಕೇಳದಿದ್ದರೆ ನೀವೇ ಎತ್ತಿ. ಬಾಯಲ್ಲಿ ಹೇಳಲು ನಾಚಿಕೆಯಾದರೆ ಚೀಟಿಯಲ್ಲಿ ಬರೆದು ಕೊಡಿ.

ಈ ಲಕ್ಷಣಗಳಿಗೆ ಮಾತ್ರ ಕಾಯಬೇಡಿ. ತಾಸಿಗೊಂದು ಪ್ಯಾಡ್ ತೊಯ್ಯುವಷ್ಟು ರಕ್ತ. ಚಳಿ ಜ್ವರ, ಕೆಟ್ಟ ವಾಸನೆಯ ಸ್ರಾವ. ಜೋರು ತಲೆನೋವು, ಕಣ್ಣು ಮಂಜಾಗೋದು, ಫಿಟ್ಸ್. ಹೆರಿಗೆಯ ನಂತರವೂ ಆರು ವಾರದ ತನಕ ಬಿಪಿ ಏರಬಹುದು. ಒಂದೇ ಕಾಲಿಗೆ ಬಾವು, ನೋವು. ಉಸಿರು ಸಿಗದಿರೋದು, ಎದೆನೋವು. ಇವುಗಳಲ್ಲಿ ಯಾವುದಿದ್ದರೂ 108ಕ್ಕೆ ಫೋನ್ ಮಾಡಿ. ಹುಬ್ಬಳ್ಳಿಯ ಕಿಮ್ಸ್‌ಗೋ, ಹತ್ತಿರದ ದೊಡ್ಡ ಆಸ್ಪತ್ರೆಗೋ ಹೊರಡಿ. ರಾತ್ರಿ ಐತಿ, ಮುಂಜಾನೆ ನೋಡೋಣ ಅನ್ನೋ ಮಾತು ಬೇಡ.

ಅಳು, ಸಿಡುಕು ಮೊದಲ ಎರಡು ವಾರ ಎಷ್ಟೋ ತಾಯಂದಿರಿಗೆ ಇರುತ್ತದೆ. ಅದರಾಚೆಗೂ ಮುಂದುವರಿದರೆ, ಕೂಸಿನ ಮೇಲೆ ಮನಸ್ಸೇ ಬರುತ್ತಿಲ್ಲ ಅಂತ ಆಕೆ ಅಂದರೆ, ಅದನ್ನು ಕೊಬ್ಬು ಅನ್ನಬೇಡಿ. ಧಾರವಾಡದಲ್ಲೇ ಡಿಮ್ಹಾನ್ಸ್ ಇದೆ. ಟೆಲಿ ಮಾನಸ್ ಸಹಾಯವಾಣಿ 14416, ಹಗಲು ರಾತ್ರಿ ಉಚಿತ. ಸಾಯುವ ಮಾತು ಬಂದರೆ ಆಕೆಯನ್ನು ಒಬ್ಬಳೇ ಬಿಡದೆ ಅವತ್ತೇ ಕರೆದುಕೊಂಡು ಹೋಗಿ.

ಅವ್ವನನ್ನು ಕರೆದುಕೊಂಡು ಹೋಗುವುದು ಸುಲಭವಾಗಲಿಲ್ಲ. “ಈ ವಯಸ್ಸಿನ್ಯಾಗ ಏನ್ ಮಾಡ್ತಿ ಬಿಡು” ಅಂದಳು. ಫಿಸಿಯೊಥೆರಪಿ ಹುಡುಗಿ ಆಕೆಗೆ ಒಂದು ಹಾಳೆ ಕೊಟ್ಟಳು. ಎಷ್ಟು ಸಲ ನೀರು ಕುಡಿದಿರಿ, ಎಷ್ಟು ಸಲ ಸೋರಿತು, ಮೂರು ದಿನ ಬರೆದುಕೊಂಡು ಬರ್ರಿ ಅಂತ. ಅವ್ವ ಪಂಚಾಂಗದ ಪಕ್ಕ ಹಾಳೆ ತೂಗುಹಾಕಿ, ಪೆನ್ಸಿಲ್ ಕಟ್ಟಿ, ಗೆರೆ ಎಳೆಯತೊಡಗಿದಳು. ಮೊದಲ ದಿನವೇ ಒಂಬತ್ತು ಗೆರೆ. “ಇಷ್ಟ್ ಆಗತಿತ್ತನ?” ಅಂತ ಆಕೆಯೇ ಬೆರಗಾಗಿ ನಿಂತಳು.

ನಾಲ್ಕು ತಿಂಗಳಾದವು. ಪೂರ್ತಿ ನಿಂತಿಲ್ಲ. ದಿನಕ್ಕೆ ಎರಡು ಮೂರಕ್ಕೆ ಇಳಿದಿದೆ. ಹೋದ ವಾರ ಹುಬ್ಬಳ್ಳಿಗೆ ಹೊರಟಾಗ ಚೀಲದಲ್ಲಿ ನೀರಿನ ಬಾಟಲಿ ಇಟ್ಟುಕೊಂಡಳು.

ನಿಮ್ಮ ಮನೆಯಲ್ಲೂ ಇಂಥ ಒಬ್ಬರು ಇರಬಹುದು. ಇವತ್ತು ಸಂಜೆ ಕೇಳಿ ನೋಡಿ. ಮೊದಲ ಸಲ “ಏನಿಲ್ಲ” ಅಂತಾರೆ. ಎರಡನೇ ಸಲವೂ ಕೇಳಿ.